ಮದ್ದು ತುಂಬುವುದಕ್ಕೆ ಮೊದಲು ಹಿತ್ತಾಳೆ ನೋಡಿ

ಮಾನ್ಯ ಸಂಪಾದಕರೇ,

ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ನಿಮ್ಮ ಪತ್ರಿಕೆಯಲ್ಲಿ ಕೊಡಗಿನ ಕೋವಿಗಳ ಬಗ್ಗೆ ಬಂದ ಲೇಖನವನ್ನು ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕೂತು ಖುಷಿಯಿಂದ ಓದಿದೆ. ಅದರ ಕೊನೆಯಲ್ಲಿ ಒಂದು ಸಾಲು ಇತ್ತು. ಅಮೆರಿಕದಲ್ಲಿ ಹೊಡೆದ ಖಾಲಿ ತೋಟಾವನ್ನು ಜನ ಬಿಸಾಡುವುದಿಲ್ಲ, ಮನೆಯಲ್ಲೇ ತೊಳೆದು ಮತ್ತೆ ಮದ್ದು ತುಂಬಿಕೊಳ್ಳುತ್ತಾರೆ, ದುಡ್ಡು ಉಳಿಯುತ್ತದೆ ಅಂತ. ಆ ಸಾಲು ತಪ್ಪಲ್ಲ. ನಾನೇ ಹನ್ನೊಂದು ವರ್ಷದಿಂದ ಅದನ್ನು ಮಾಡುತ್ತಿದ್ದೇನೆ. ಆದರೆ "ತೊಳೆದು" ಅನ್ನುವ ಒಂದೇ ಪದದಲ್ಲಿ ಮುಗಿದುಹೋದ ಕೆಲಸ ಇದೆಯಲ್ಲ, ಅಪಾಯ ಇರುವುದು ಅಲ್ಲೇ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ.

ಹೋದ ತಿಂಗಳು ಇಲ್ಲಿನ ಶೂಟಿಂಗ್ ರೇಂಜಿನಲ್ಲಿ ಮೈಸೂರಿನ ಕಡೆಯ ಒಬ್ಬ ಹುಡುಗ ಸಿಕ್ಕಿದ. ಕನ್ನಡ ಕೇಳಿ ಇಬ್ಬರಿಗೂ ಸಂತೋಷ ಆಯಿತು. ಅವನ ಕೈಯಲ್ಲಿ ಒಂದು ಬಕೆಟ್, ಅದರ ತುಂಬ ನೆಲದಿಂದ ಆಯ್ದ ಹಿತ್ತಾಳೆ ಕೇಸ್‌ಗಳು. ಕೇಸ್ ಅಂದರೆ ಹೊಡೆದ ಮೇಲೆ ಉಳಿಯುವ ತೋಟಾದ ಖಾಲಿ ಕವಚ. ಯಾರು ಹೊಡೆದಿದ್ದೋ, ಎಷ್ಟು ಸಲ ಹೊಡೆದಿದ್ದೋ ಗೊತ್ತಿಲ್ಲ. "ಅಣ್ಣ, ತೋಟಾ ತುಂಬೋ ಪ್ರೆಸ್ ತಗೊಂಡಿದ್ದೀನಿ, ಎರಡು ವಿಡಿಯೋ ನೋಡಿದೆ, ಈ ಶನಿವಾರ ತುಂಬೋದೇ" ಅಂದ. ಮದ್ದಿನ ತೂಕದ ಬಗ್ಗೆ ಚೆನ್ನಾಗಿ ಓದಿಕೊಂಡಿದ್ದ. ಗುಂಡು ಯಾವುದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಯಾವುದು, ಎಲ್ಲ ಬಾಯಿಪಾಠ. ಹಿತ್ತಾಳೆ ಬಗ್ಗೆ ಕೇಳಿದರೆ ಮಾತ್ರ "ಹೊಳೆಯೋ ಹಾಗೆ ತೊಳೀತೀನಿ" ಅಂತಷ್ಟೇ ಹೇಳಿದ. ಅವನಂಥವರು ಇಲ್ಲಿ ಈಗ ಜಾಸ್ತಿ ಆಗುತ್ತಿದ್ದಾರೆ. ಮಲೆನಾಡು, ಕೊಡಗಿನ ಕಡೆಯಿಂದ ಬಂದವರು, ಮನೆಯಲ್ಲಿ ಕೋವಿ ನೋಡಿ ಬೆಳೆದವರು. ಅವರಲ್ಲಿ ಅನೇಕರು ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತಾರೆ.

ನಮ್ಮ ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು ಹೊಡೆಯುವಂಥದ್ದು. ಅದರಲ್ಲಿ ಹಿತ್ತಾಳೆ ಕೇಸ್ ಅನ್ನುವುದೇ ಇಲ್ಲ. ಹಾಗಾಗಿ ನಮ್ಮವರಿಗೆ ಕೇಸ್ ಅಂದರೆ ಮದ್ದು ಹಾಕುವ ಡಬ್ಬಿ ಅನ್ನುವ ಭಾವನೆ. ಈಗಿನ ರೈಫಲ್‌ನಲ್ಲಿ ಅದಕ್ಕೆ ಇನ್ನೂ ದೊಡ್ಡ ಕೆಲಸ ಇದೆ. ಹೊಡೆದ ಕ್ಷಣದಲ್ಲಿ ಅದು ಉಬ್ಬಿ, ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಚೇಂಬರ್ ಗೋಡೆಗೆ ಅಂಟಿಕೊಂಡು, ಬಿಸಿ ಹೊಗೆ ನಮ್ಮ ಮುಖದ ಕಡೆ ಬರದಂತೆ ತಡೆಯುತ್ತದೆ. ಕುಕ್ಕರಿಗೆ ಗ್ಯಾಸ್ಕೆಟ್ ಇದ್ದ ಹಾಗೆ. ನಮ್ಮ ಅಡುಗೆಮನೆ ಕುಕ್ಕರಿನ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡ್. ನಾನು ಬಳಸುವ ಥರ್ಟಿ-ಆಟ್-ಸಿಕ್ಸ್ ತೋಟಾದಲ್ಲಿ ಅದು 60,000 ಪೌಂಡ್ ವರೆಗೆ ಹೋಗಬಹುದು. ಈ ತೋಟಾ 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ಬಂದದ್ದು, ಹೆಸರಿನಲ್ಲೇ ಆ ವರ್ಷ ಇದೆ. ಇವತ್ತಿಗೂ ಇಲ್ಲಿ ಜಿಂಕೆ ಬೇಟೆಗೆ ಬಹಳ ಜನರ ಮನೆಯಲ್ಲಿ ಇರುತ್ತದೆ. ಅಷ್ಟು ಒತ್ತಡಕ್ಕೂ ನಮಗೂ ನಡುವೆ ನಿಲ್ಲುವುದು ತೆಳ್ಳನೆಯ ಹಿತ್ತಾಳೆ. 70 ಪಾಲು ತಾಮ್ರ, 30 ಪಾಲು ಸತು.

ನನಗೇ ಆದದ್ದು ಹೇಳುತ್ತೇನೆ. ಶುರು ಮಾಡಿ ಎರಡನೇ ವರ್ಷ. ಒಂದೇ ಡಬ್ಬಿಯ ಇಪ್ಪತ್ತು ಕೇಸ್‌ಗಳನ್ನು ಮತ್ತೆ ಮತ್ತೆ ತುಂಬಿ ಹೊಡೆಯುತ್ತಿದ್ದೆ. ಆರನೇ ಸಲ ಇರಬೇಕು, ರೇಂಜಿನಲ್ಲಿ ಟ್ರಿಗರ್ ಎಳೆದೆ, ಸದ್ದು ಎಂದಿನಂತೆಯೇ ಬಂತು, ಆದರೆ ಕೆನ್ನೆಗೆ ಬಿಸಿ ಗಾಳಿ ರಪ್ ಅಂತ ಬಡಿಯಿತು. ಕನ್ನಡಕದ ಮೇಲೆಲ್ಲ ಸಣ್ಣ ಸಣ್ಣ ಕಪ್ಪು ಚುಕ್ಕೆ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಬಿಗಿಯಾಗಿತ್ತು, ಕಷ್ಟಪಟ್ಟು ಎಳೆದರೆ ಕೇಸಿನ ಬುಡ ಮಾತ್ರ ಹೊರಗೆ ಬಂತು. ಉಳಿದ ಭಾಗ ಚೇಂಬರಿನ ಒಳಗೇ ಸಿಕ್ಕಿಕೊಂಡಿತ್ತು. ಸುತ್ತಲೂ ದಾರ ಕಟ್ಟಿ ಕೊಯ್ದ ಹಾಗೆ ಎರಡು ತುಂಡು. ಆ ದಿನ ಕನ್ನಡಕ ಹಾಕಿರದಿದ್ದರೆ ಬಲಗಣ್ಣು ಏನಾಗುತ್ತಿತ್ತೋ ಅಂತ ಈಗ ನೆನೆಸಿಕೊಂಡರೂ ಎದೆ ಝಲ್ ಅನ್ನುತ್ತದೆ.

ಮದ್ದು ಜಾಸ್ತಿ ಹಾಕಿದ್ದೆನಾ? ಇಲ್ಲ. ಪುಸ್ತಕದಲ್ಲಿ ಹೇಳಿದ ಮೇಲ್ಮಿತಿಗಿಂತ ಎಷ್ಟೋ ಕಡಿಮೆ ಇತ್ತು. ತಪ್ಪು ಆಗಿದ್ದು ಹಿತ್ತಾಳೆ ಹದ ಮಾಡುವಲ್ಲಿ, ಮತ್ತು ಆ ತಪ್ಪು ನನ್ನದೇ.

ವಿಷಯ ಹೀಗಿದೆ. ಹೊಡೆದ ಕೇಸ್ ಚೇಂಬರಿನ ಅಳತೆಗೆ ಉಬ್ಬಿರುತ್ತದೆ. ಅದನ್ನು ಮತ್ತೆ ಮೊದಲಿನ ಅಳತೆಗೆ ತರಲು ಸೈಜಿಂಗ್ ಡೈ ಅನ್ನುವ ಅಚ್ಚಿನ ಒಳಗೆ ಒತ್ತುತ್ತೇವೆ. ಡೈಯನ್ನು ಪ್ರೆಸ್‌ನಲ್ಲಿ ಎಷ್ಟು ಕೆಳಗೆ ತಿರುಗಿಸಿ ಕೂರಿಸುತ್ತೇವೆ ಅನ್ನುವುದರ ಮೇಲೆ ಕೇಸಿನ ಭುಜ, ಅಂದರೆ ಮೈ ಸಣ್ಣದಾಗಿ ಕತ್ತಿಗೆ ಸೇರುವ ಇಳಿಜಾರು, ಎಷ್ಟು ಹಿಂದಕ್ಕೆ ಹೋಗುತ್ತದೆ ಅನ್ನುವುದು ನಿಂತಿದೆ. ನಾನು ಡೈ ಜೊತೆ ಬಂದ ಚೀಟಿಯಲ್ಲಿ ಇದ್ದ ಹಾಗೆ, ತಳ ಮುಟ್ಟುವ ತನಕ ತಿರುಗಿಸಿ, ಮೇಲೆ ಇನ್ನೂ ಕಾಲು ಸುತ್ತು ಕೊಟ್ಟಿದ್ದೆ. ನನ್ನ ರೈಫಲ್‌ನ ಚೇಂಬರಿಗೆ ಅದು ಜಾಸ್ತಿಯಾಯಿತು. ಭುಜ ಸುಮಾರು ಎಂಟು ಥೌ ಹಿಂದಕ್ಕೆ ಹೋಗುತ್ತಿತ್ತು. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ಪೀಣ್ಯದ ಲೇತ್ ಕೆಲಸದವರನ್ನು ಕೇಳಿದರೆ ಗೊತ್ತು. ಎಂಟು ಥೌ ಕಣ್ಣಿಗೆ ಕಾಣುವುದಿಲ್ಲ. ಆದರೆ ಕೇಸ್ ಈಗ ಚೇಂಬರಿನಲ್ಲಿ ಅಷ್ಟು ಸಡಿಲ. ಹೊಡೆದಾಗ ತೆಳುವಾದ ಮುಂಭಾಗ ಉಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ದಪ್ಪನೆಯ ಬುಡ ಉಬ್ಬುವುದಿಲ್ಲ, ಅದು ಹಿಂದಕ್ಕೆ ಜಾರಿ ಬೋಲ್ಟಿಗೆ ಒತ್ತುತ್ತದೆ. ಎರಡರ ನಡುವೆ, ಬುಡದಿಂದ ಸ್ವಲ್ಪ ಮೇಲೆ, ಹಿತ್ತಾಳೆ ಎಳೆದುಕೊಂಡು ತೆಳ್ಳಗಾಗುತ್ತದೆ. ಮತ್ತೆ ಡೈಗೆ ಹಾಕಿದೆ, ಮತ್ತೆ ಎಂಟು ಥೌ, ಮತ್ತೆ ಎಳೆತ. ಚಿಕ್ಕವರಿದ್ದಾಗ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತಿದ್ದೆವಲ್ಲ, ಹಾಗೇ. ಆರನೇ ಸಲಕ್ಕೆ ಹರಿಯಿತು.

ಈಗ ನಾನು ಹೊಡೆದ ಕೇಸಿನ ಭುಜದ ಅಳತೆಯನ್ನು ಕ್ಯಾಲಿಪರ್‌ಗೆ ಒಂದು ಗೇಜ್ ಸಿಕ್ಕಿಸಿ ಮೊದಲು ತೆಗೆದುಕೊಳ್ಳುತ್ತೇನೆ. ಡೈಯನ್ನು ಎತ್ತರದಲ್ಲಿ ಇಟ್ಟು ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಇಳಿಸಿ, ಭುಜ ಎರಡು ಥೌ ಮಾತ್ರ ಹಿಂದೆ ಹೋಗುವಲ್ಲಿ ನಿಲ್ಲಿಸುತ್ತೇನೆ. ಬೋಲ್ಟ್ ರೈಫಲ್‌ಗೆ ಅಷ್ಟು ಸಾಕು. ಗೇಜ್ ಸಾವಿರಾರು ಡಾಲರ್ ಏನಲ್ಲ, ಡೈ ಕೊಂಡಾಗಲೇ ಅದನ್ನೂ ಕೊಳ್ಳಿ. ಮೈಸೂರಿನ ಹುಡುಗನಿಗೂ ಅದನ್ನೇ ಮೊದಲು ಹೇಳಿದೆ.

ಒಡೆಯುವ ಮುಂಚೆ ಹಿತ್ತಾಳೆ ಸುಳಿವು ಕೊಡುತ್ತದೆ. ಬುಡದಿಂದ ಸುಮಾರು ಅರ್ಧ ಇಂಚಿನ ಒಳಗೆ ಸುತ್ತಲೂ ಒಂದು ಹೊಳೆಯುವ ಗೆರೆ ಕಾಣುತ್ತದೆ. ನನ್ನ ಕೇಸ್‌ಗಳಲ್ಲೂ ಇತ್ತು, ಡೈ ಉಜ್ಜಿದ ಗುರುತು ಅಂದುಕೊಂಡು ಬಿಟ್ಟುಬಿಟ್ಟೆ. ಡೈ ಕೂಡ ಅಲ್ಲೇ ಒಂದು ಗೆರೆ ಬಿಡುವುದು ನಿಜ. ಎರಡರಲ್ಲಿ ಯಾವುದು ಅಂತ ಹೊರಗಿಂದ ನೋಡಿ ಹೇಳುವುದು ಕಷ್ಟ. ಅದಕ್ಕೆ ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿಯನ್ನು ಚೂಪು ಮಾಡಿ ಎಲ್ ಅಕ್ಷರದ ಹಾಗೆ ಬಗ್ಗಿಸಿ, ಕೇಸಿನ ಬಾಯಿಂದ ತಳದ ತನಕ ಇಳಿಸಿ, ಒಳಗೋಡೆಗೆ ತಾಗಿಸಿಕೊಂಡು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ತುದಿ ಎಲ್ಲಾದರೂ ಟಕ್ ಅಂತ ಸಿಕ್ಕಿದರೆ ಅಲ್ಲಿ ಒಳಗೆ ಚರಂಡಿ ಬಿದ್ದಿದೆ ಅಂತ ಅರ್ಥ. ಆ ಕೇಸನ್ನು ಇಕ್ಕಳದಿಂದ ಅಪ್ಪಚ್ಚಿ ಮಾಡಿ ಗುಜರಿಗೆ ಹಾಕಿ. ಅಪ್ಪಚ್ಚಿ ಮಾಡದೇ ಇಟ್ಟರೆ ಅದು ಹೇಗೋ ಮತ್ತೆ ಒಳ್ಳೆಯವುಗಳ ಜೊತೆ ಸೇರಿಕೊಳ್ಳುತ್ತದೆ. ಪ್ರತಿ ಕೇಸಿಗೂ ಹತ್ತು ಸೆಕೆಂಡ್ ಆಗುತ್ತದೆ ಅಷ್ಟೇ. ಬಾಯಿ ಸೀಳಿದ್ದರೂ ಅಷ್ಟೇ, ಗುಜರಿಗೆ ಹಾಕಿಬಿಡಿ. ಕೇಪು ಕೂರುವ ಗುಳಿ ಸಡಿಲವಾಗಿ, ಹೊಸ ಕೇಪು ಏನೂ ಒತ್ತಡ ಇಲ್ಲದೆ ಒಳಗೆ ಹೋದರೆ ಆ ಕೇಸಿನ ಆಯಸ್ಸು ಮುಗಿದಿದೆ.

ತೊಳೆಯುವ ವಿಚಾರಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಸುತ್ತೇವೆ. ಇಲ್ಲೂ ಜನ ನೀರಿಗೆ ಪಾತ್ರೆ ಸೋಪು, ಸ್ವಲ್ಪ ಸಿಟ್ರಿಕ್ ಆಸಿಡ್, ಸಣ್ಣ ಸ್ಟೀಲ್ ಕಡ್ಡಿಗಳನ್ನು ಹಾಕಿ ಡ್ರಮ್ಮಿನಲ್ಲಿ ತಿರುಗಿಸುತ್ತಾರೆ. ಹುಳಿಯ ತತ್ವ ಅದೇ. ಆದರೆ ಹುಳಿ ಜಾಸ್ತಿಯಾಗಿ, ಅಥವಾ ರಾತ್ರಿಯೆಲ್ಲ ನೆನೆಸಿಟ್ಟರೆ ಹಿತ್ತಾಳೆಯ ಸತು ಕರಗಿ ಹೋಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಂಡೆ ಗುಲಾಬಿಯಾದರೆ ಪರವಾಗಿಲ್ಲ, ಕೇಸ್ ಆಗಬಾರದು. ಇನ್ನು ಅಮೋನಿಯಾ ಇರುವ ಬ್ರಾಸೋದಂಥ ಪಾಲಿಶ್ ಅಂತೂ ಹತ್ತಿರ ತರಬೇಡಿ. ಇದರ ಹಿಂದೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಅವರ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಟ್ಟಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಹಿತ್ತಾಳೆ ಕೇಸ್‌ಗಳು ತಾವಾಗಿಯೇ ಬಿರುಕು ಬಿಟ್ಟಿದ್ದವು. ಮಳೆಗಾಲದಲ್ಲಿ ಆಗುತ್ತದೆ ಅಂತ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಂತು. ಕಾರಣ ಗೊತ್ತಾಗಿದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತಯಾರಿಸುವಾಗ ಹಿತ್ತಾಳೆಯ ಒಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಅದನ್ನು ಒಡೆದಿದ್ದವು. ಇವತ್ತಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಪಾಠ ಮಾಡುತ್ತಾರೆ. ಕೊಡಗಿನ ಮಳೆಯಲ್ಲಿ ಕೊಟ್ಟಿಗೆಯ ಅಟ್ಟದ ಮೇಲೆ ತೋಟಾ ಡಬ್ಬಿ ಇಡುವ ಹಿರಿಯರಿಗೂ ಈ ಮಾತು ಅನ್ವಯಿಸುತ್ತದೆ. ದನದ ಕೊಟ್ಟಿಗೆಯಲ್ಲೂ ಅದೇ ಅಮೋನಿಯಾ ಇರುತ್ತದೆ, ಅಲ್ವಾ?

ಇನ್ನೊಂದು ಮುಖ್ಯ ವಿಷಯ, ಸೀಸ. ಸಾಮಾನ್ಯ ಕೇಪುಗಳಲ್ಲಿ ಸೀಸದ ಸಂಯುಕ್ತ ಇರುತ್ತದೆ. ಹೊಡೆದ ಕೇಸಿನ ಒಳಗಿನ ಕಪ್ಪು ಮಸಿಯಲ್ಲಿ ಅದು ಸೇರಿಕೊಂಡಿರುತ್ತದೆ. ಒಣಗಿದ ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ತಿರುಗಿಸಿ ಸ್ವಚ್ಛ ಮಾಡುವವರಿಗೆ ಡಬ್ಬಿ ತೆರೆದಾಗ ಏಳುವ ಧೂಳು ಮೂಗಿಗೆ ಹೋಗುತ್ತದೆ. ಕೆಲವರು ಪಾತ್ರೆ ತೊಳೆಯುವ ಮೆಷಿನ್ನಿಗೇ ಕೇಸ್‌ಗಳನ್ನು ಹಾಕುತ್ತಾರೆ. ದಯವಿಟ್ಟು ಬೇಡ. ಅಡುಗೆಮನೆಯ ಸಿಂಕ್ ಬೇಡ, ಓವನ್ ಬೇಡ, ಜರಡಿ ಕೂಡ ಬೇರೆಯೇ ಇರಲಿ. ನಾನು ಎಲ್ಲವನ್ನೂ ಗ್ಯಾರೇಜಿನಲ್ಲಿ ಗ್ಲೌಸ್ ಹಾಕಿಕೊಂಡು ಮಾಡುತ್ತೇನೆ, ಹಳೆಯ ಟವೆಲ್ ಮೇಲೆ ಬಿಸಿಲಿಗೆ ಒಣಗಿಸುತ್ತೇನೆ. ಕೈ ತೊಳೆಯದೆ ಕಾಫಿ ಲೋಟ ಮುಟ್ಟುವುದಿಲ್ಲ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ವಾಪಸ್ ಸರಿ ಮಾಡುವಂಥದ್ದಲ್ಲ.

ಡೈಗೆ ಹಾಕುವ ಮುಂಚೆ ಕೇಸಿಗೆ ಮೇಣ ಸವರಬೇಕು. ಕಡಿಮೆಯಾದರೆ ಕೇಸ್ ಡೈಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಜಾಸ್ತಿಯಾದರೆ ಭುಜದಲ್ಲಿ ತಗ್ಗು ಬೀಳುತ್ತದೆ. ಬೆರಳ ತುದಿಯಲ್ಲಿ ಸ್ವಲ್ಪವೇ ಸಾಕು, ಮನೆಯಲ್ಲಿ ಚಪಾತಿ ಲಟ್ಟಣಿಗೆಗೆ ಎಣ್ಣೆ ಸವರುವಷ್ಟು. ಕೆಲಸ ಮುಗಿದ ಮೇಲೆ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು. ಜಿಡ್ಡು ಉಳಿದ ಕೇಸ್ ಚೇಂಬರ್ ಗೋಡೆಯನ್ನು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ, ಬೋಲ್ಟಿನ ಮೇಲೆ ಹೊಡೆತ ಜಾಸ್ತಿಯಾಗುತ್ತದೆ.

ಆಮೇಲೆ ಉದ್ದ. ಹೊಡೆದಂತೆಲ್ಲ, ಡೈಯಲ್ಲಿ ಒತ್ತಿದಂತೆಲ್ಲ ಹಿತ್ತಾಳೆ ಬಾಯಿಯ ಕಡೆಗೆ ಸರಿದು ಕತ್ತು ಉದ್ದವಾಗುತ್ತಾ ಹೋಗುತ್ತದೆ. ಥರ್ಟಿ-ಆಟ್-ಸಿಕ್ಸ್‌ಗೆ ಇಡೀ ಕೇಸಿನ ಉದ್ದ 2.494 ಇಂಚು ಮಿತಿ, ಕತ್ತರಿಸಿ 2.484ಕ್ಕೆ ತರುತ್ತೇವೆ. ಮಿತಿ ಮೀರಿದರೆ ಕತ್ತಿನ ಅಂಚು ನಳಿಗೆಯ ಗಂಟಲಿಗೆ ಒತ್ತಿ, ಗುಂಡನ್ನು ಬಿಡದೆ ಹಿಡಿದುಕೊಂಡು, ಒತ್ತಡ ಒಮ್ಮೆಲೇ ಏರುತ್ತದೆ. ಡೈಯಲ್ಲಿ ಒತ್ತಿದ ಮೇಲೆ ಅಳೆಯಿರಿ, ಮುಂಚೆ ಅಲ್ಲ. ಯಾಕೆಂದರೆ ಒತ್ತುವಾಗಲೇ ಉದ್ದ ಬೆಳೆಯುತ್ತದೆ. ಕತ್ತರಿಸಿದ ಅಂಚನ್ನು ಒಳಗೂ ಹೊರಗೂ ಸ್ವಲ್ಪ ಸವರಿದರೆ ಆಯಿತು, ಚಾಕುವಿನ ಅಲಗಿನಂತೆ ಚೂಪು ಮಾಡಬೇಡಿ.

ಸೈನ್ಯದ ಹಿತ್ತಾಳೆ ಬೇರೆ ಜಾತಿ. ಮಿಸೌರಿಯ ಲೇಕ್ ಸಿಟಿ ಕಾರ್ಖಾನೆಯ ಕೇಸ್‌ಗಳು ಇಲ್ಲಿ ಅಗ್ಗಕ್ಕೆ ಸಿಗುತ್ತವೆ, ಗಟ್ಟಿಯೂ ಹೌದು. ಅವುಗಳಲ್ಲಿ ಕೇಪು ಅಲುಗದಂತೆ ಸುತ್ತಲಿನ ಅಂಚನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಆ ಒತ್ತಿದ ಅಂಚನ್ನು ತೆಗೆಯದೆ ಹೊಸ ಕೇಪು ತುರುಕಿದರೆ ಅದು ನಜ್ಜುಗುಜ್ಜಾಗುತ್ತದೆ, ಕೈಯಲ್ಲೇ ಸಿಡಿಯಲೂಬಹುದು. ಅಲ್ಲದೆ ಸೈನ್ಯದ ಕೇಸಿನ ಗೋಡೆ ಅನೇಕ ಸಲ ದಪ್ಪ, ಒಳಗಿನ ಜಾಗ ಕಡಿಮೆ. ಬೇರೆ ಕೇಸಿಗೆ ಸರಿಯಾಗಿದ್ದ ಮದ್ದು ಇದಕ್ಕೆ ಜಾಸ್ತಿಯಾಗಬಹುದು. ಅದಕ್ಕೇ ಬುಡದ ಮೇಲಿನ ಮುದ್ರೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವುದು ಮೊದಲ ಕೆಲಸ. ಬುಡದ ಒಳಗೆ ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಮಾದರಿ, ಅದನ್ನು ತುಂಬಬಹುದು. ಎರಡು ಸಣ್ಣ ತೂತು ಇದ್ದರೆ ಬರ್ಡನ್ ಮಾದರಿ, ಹಳೆಯ ಕೇಪನ್ನು ತಳ್ಳಿ ತೆಗೆಯುವ ಡೈಯ ಸೂಜಿ ಅದಕ್ಕೆ ತಾಗಿ ಮುರಿಯುತ್ತದೆ. ಇವನ್ನು ರೂಪಿಸಿದವರಲ್ಲಿ ಬಾಕ್ಸರ್ ಇಂಗ್ಲೆಂಡಿನವನು, ಬರ್ಡನ್ ಅಮೆರಿಕದವನು. ಆದರೆ ಬಾಕ್ಸರ್ ಮಾದರಿ ಅಮೆರಿಕದಲ್ಲಿ ನಿಂತಿತು, ಬರ್ಡನ್ ಮಾದರಿ ಯುರೋಪಿಗೆ ಹೋಯಿತು.

ಕತ್ತನ್ನು ಕಾಯಿಸಿ ಮೆತ್ತಗೆ ಮಾಡುವ ಬಗ್ಗೆ ಆ ಹುಡುಗ ಕೇಳಿದ. ಅಕ್ಕಸಾಲಿಗರು ತಗಡನ್ನು ಬಡಿದು ಬಡಿದು ಗಟ್ಟಿಯಾದಾಗ ಬೆಂಕಿಗೆ ಹಿಡಿದು ಮೆತ್ತಗೆ ಮಾಡುತ್ತಾರೆ. ಕೇಸಿನ ಕತ್ತೂ ಹಾಗೇ, ನಾಲ್ಕೈದು ಸಲ ಹೊಡೆದ ಮೇಲೆ ಪೆಡಸಾಗಿ ಸೀಳುತ್ತದೆ, ಕಾಯಿಸಿದರೆ ಇನ್ನಷ್ಟು ದಿನ ಬರುತ್ತದೆ. ಆದರೆ ಕತ್ತು ಮಾತ್ರ. ಶಾಖ ಬುಡಕ್ಕೆ ಇಳಿದು ಬುಡ ಮೆತ್ತಗಾದರೆ ಆ ಕೇಸ್ ಬಾಂಬ್ ಇದ್ದ ಹಾಗೆ, ಮತ್ತೆ ಗಟ್ಟಿ ಮಾಡುವ ದಾರಿ ನಮ್ಮ ಕೈಯಲ್ಲಿ ಇಲ್ಲ. ಕಲಿಯುವವರು ಮೊದಲ ಎರಡು ವರ್ಷ ಇದನ್ನು ಮುಟ್ಟಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕತ್ತು ಸೀಳಿದ್ದನ್ನು ಬಿಸಾಡಿ ಹೊಸದು ಕೊಂಡರೆ ಹೋಗುವುದು ಒಂದೆರಡು ಡಾಲರ್.

ಕಾನೂನಿನ ಎರಡು ಮಾತು ಹೇಳದೆ ಇರಲಾಗುವುದಿಲ್ಲ. ಅಮೆರಿಕದಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವ ವ್ಯಾಪಾರಕ್ಕೆ ಬೇಕು. ಆದರೆ ಎಚ್-1ಬಿ ವೀಸಾದಲ್ಲಿ ಇರುವವರ ವಿಷಯ ಬೇರೆ. ಅವರು ಬಂದೂಕು, ತೋಟಾ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿ ಇದ್ದರೆ ವಿನಾಯಿತಿ ಇದೆ. ಅನೇಕರಿಗೆ ಗೊತ್ತಿಲ್ಲದ್ದು ಏನೆಂದರೆ, ಆ ಕಾನೂನಿನಲ್ಲಿ ತೋಟಾ ಅಂದರೆ ಖಾಲಿ ಕೇಸ್, ಕೇಪು, ಗುಂಡು, ಮದ್ದು ಎಲ್ಲವೂ ಸೇರುತ್ತದೆ. ಬಕೆಟ್ಟಿನಲ್ಲಿ ಸುಮ್ನೆ ಆಯ್ದು ತಂದ ಹಿತ್ತಾಳೆಯೂ ಸೇರುತ್ತದೆ. ಮೈಸೂರಿನ ಹುಡುಗನಿಗೆ ಬೇಟೆ ಲೈಸೆನ್ಸ್ ಇತ್ತು, ಪುಣ್ಯ. ಇಲ್ಲದವರು ವಕೀಲರನ್ನು ಕೇಳದೆ ಕೈ ಹಾಕಬೇಡಿ, ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

ಊರಿನಲ್ಲಿ ಇರುವವರಿಗೆ ಇನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ 1963ರಿಂದ ಇರುವ, 2019ರಲ್ಲಿ ಮತ್ತೆ 2029ರ ವರೆಗೆ ಮುಂದುವರಿಸಿದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಮನೆಯಲ್ಲಿ ತೋಟಾ ತುಂಬುವುದಕ್ಕೆ ಅದು ಅನುಮತಿ ಅಲ್ಲ. ಇಲ್ಲಿಂದ ಊರಿಗೆ ಬರುವಾಗ ಯಾರೂ ಖಾಲಿ ಕೇಸನ್ನು ಕೀಚೈನ್ ಮಾಡಿಕೊಂಡು ಬ್ಯಾಗಿನಲ್ಲಿ ತರಬೇಡಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಉತ್ತರ ಕೊಡುತ್ತಾ ನಿಲ್ಲಬೇಕಾಗುತ್ತದೆ.

ಆ ಶನಿವಾರ ಹುಡುಗ ತೋಟಾ ತುಂಬಲಿಲ್ಲ. ನಮ್ಮ ಗ್ಯಾರೇಜಿಗೆ ಬಂದ. ಬಕೆಟ್ಟಿನ ಕೇಸ್‌ಗಳನ್ನು ನೆಲದ ಮೇಲೆ ಸುರಿದು, ಮುದ್ರೆ ನೋಡಿ ವಿಂಗಡಿಸಿ, ಒಂದೊಂದಕ್ಕೂ ಪೇಪರ್ ಕ್ಲಿಪ್ ಹಾಕಿ ನೋಡಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಹದಿನಾಲ್ಕು ಕೇಸ್ ಅಪ್ಪಚ್ಚಿಯಾಗಿದ್ದವು. ಅವುಗಳಲ್ಲಿ ಒಂದನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಕೊಯ್ದು ಅವನಿಗೆ ತೋರಿಸಿದೆ. ಹೊರಗೆ ಫಳಫಳ ಹೊಳೆಯುತ್ತಿತ್ತು, ಒಳಗೆ ಉಗುರು ಸಿಕ್ಕುವಷ್ಟು ಆಳದ ಗೀರು ಸುತ್ತಲೂ ಬಿದ್ದಿತ್ತು. ಅವನು ಬಹಳ ಹೊತ್ತು ಅದನ್ನೇ ತಿರುಗಿಸಿ ನೋಡುತ್ತಾ ಕೂತಿದ್ದ. ಆ ಕೊಯ್ದ ಕೇಸಿನ ಫೋಟೋ ಈ ಪತ್ರದ ಜೊತೆ ಕಳಿಸಿದ್ದೇನೆ. ಪತ್ರ ಕತ್ತರಿಸಬೇಕಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ಫೋಟೋ ಮಾತ್ರ ಒಳಗಿನ ಗೀರು ಕಾಣುವಷ್ಟು ದೊಡ್ಡದಾಗಿ ಹಾಕಿ.

ಇತಿ,
ಕೊಡಗು ಮೂಲದ ನಿಮ್ಮ ಓದುಗ
ಪೆನ್ಸಿಲ್ವೇನಿಯಾ, ಅಮೆರಿಕ